ಸೋರುವ ಡಬ್ಬ, ವಾಪಸು ಬಾರದ ಕ್ಯಾನು

ಎರಡನೆಯ ಮಹಾಯುದ್ಧದ ಮೊದಲ ವರ್ಷಗಳಲ್ಲಿ ಬ್ರಿಟಿಷ್ ಸೈನ್ಯ ಉತ್ತರ ಆಫ್ರಿಕಾದ ಮರುಭೂಮಿಗೆ ಪೆಟ್ರೋಲು ಸಾಗಿಸುತ್ತಿದ್ದದ್ದು ನಾಲ್ಕು ಗ್ಯಾಲನ್ ಹಿಡಿಯುವ ತೆಳು ತಗಡಿನ ಡಬ್ಬಗಳಲ್ಲಿ. ಸೈನಿಕರು ಅದನ್ನು ‘ಫ್ಲಿಮ್ಸಿ’ ಎಂದು ಕರೆದು ಮೂಗು ಮುರಿಯುತ್ತಿದ್ದರು. ಕಲ್ಲುಹಾದಿಯಲ್ಲಿ ಲಾರಿ ನಾಲ್ಕು ಸಲ ಕುಲುಕಿದರೆ ಬೆಸುಗೆ ಬಿಡುತ್ತಿತ್ತು. ಮೇಲಿನ ಸಾಲಿನ ಭಾರಕ್ಕೆ ಕೆಳಗಿನ ಡಬ್ಬಗಳು ಜಜ್ಜಿಹೋಗುತ್ತಿದ್ದವು. ದಂಡನಾಯಕ ಕ್ಲಾಡ್ ಆಕಿನ್‌ಲೆಕ್ ಬರೆದಂತೆ, ನೆಲೆಯಿಂದ ಹೊರಟ ಪೆಟ್ರೋಲಿನಲ್ಲಿ ಸುಮಾರು ಶೇ 30ರಷ್ಟು ಬಳಸುವವರ ಕೈ ಸೇರುವ ಮೊದಲೇ ಹಾಳಾಗುತ್ತಿತ್ತು. ಆ ನಷ್ಟ ತುಂಬಲು ಇನ್ನಷ್ಟು ಲಾರಿ, ಆ ಲಾರಿಗಳಿಗೆ ಇನ್ನಷ್ಟು ಪೆಟ್ರೋಲು, ಅದನ್ನು ಹೊರಲು ಮತ್ತೆ ಅದೇ ಸೋರುವ ಡಬ್ಬ!

ಈ ಡಬ್ಬದ ದಾಯಾದಿ ನಮ್ಮ ಹಳ್ಳಿಗಳಿಗೆ ಹಳೆಯ ಪರಿಚಯ. ಇದೇ ಅಳತೆಯ ಡಬ್ಬಗಳಲ್ಲಿ, ಮರದ ಪೆಟ್ಟಿಗೆಗೆ ಎರಡರಂತೆ, ಸೀಮೆಎಣ್ಣೆ ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೇ ಭಾರತದ ಬಂದರುಗಳಲ್ಲಿ ಇಳಿಯುತ್ತಿತ್ತು. ಕಂಪನಿಗಳ ಲೆಕ್ಕದಲ್ಲಿ ಅದು ಒಂದೇ ಸಲದ ಸರಕು. ನಮ್ಮವರು ಆ ಲೆಕ್ಕವನ್ನು ಒಪ್ಪಲಿಲ್ಲ. ಮೇಲಿನ ತಗಡು ಕತ್ತರಿಸಿ ಬಾಯಿಗೆ ಅಡ್ಡಲಾಗಿ ಮರದ ಹಿಡಿ ಜಡಿದರೆ ನೀರು ಹೊರುವ ಡಬ್ಬ. ಮುಚ್ಚಳ ಮಾಡಿಸಿದರೆ ಅಕ್ಕಿ, ಬೇಳೆಗೆ ಇಲಿ ಮುಟ್ಟದ ಜಾಗ. ತುಕ್ಕು ಹಿಡಿದ ಮೇಲೆ ಬಿಡಿಸಿ ಚಪ್ಪಟೆ ಮಾಡಿದರೆ ಗುಡಿಸಲಿನ ಮಾಡಿಗೆ ತೇಪೆ. ಮರುಭೂಮಿಯ ಸೈನಿಕರ ಬುದ್ಧಿಯೂ ಇದೇ ದಾರಿಯಲ್ಲಿ ಓಡಿತು. ಡಬ್ಬವನ್ನು ಅರ್ಧ ಕತ್ತರಿಸಿ, ಮರಳು ತುಂಬಿ, ಪೆಟ್ರೋಲು ಸುರಿದು ಹೊತ್ತಿಸಿದರೆ ಚಹಾ ಕಾಯಿಸುವ ಒಲೆ ತಯಾರು. ಪೆಟ್ರೋಲು ಸಾಗಿಸುವ ಕೆಲಸವೊಂದನ್ನು ಬಿಟ್ಟು ಮಿಕ್ಕೆಲ್ಲಕ್ಕೂ ಆ ಡಬ್ಬ ಒಗ್ಗುತ್ತಿತ್ತು ಎಂದರೆ ಅತಿಶಯೋಕ್ತಿಯಾಗದು.

ಎದುರು ಪಾಳಯದ ಕ್ಯಾನೇ ಬೇರೆ. ಜರ್ಮನಿಯ ಶ್ವೆಲ್ಮ್ ಪಟ್ಟಣದ ಮ್ಯುಲರ್ ಕಾರ್ಖಾನೆಯಲ್ಲಿ, ವಿನ್‌ಜೆಂಜ್ ಗ್ರುನ್‌ಫೋಗೆಲ್ ಎಂಬ ಎಂಜಿನಿಯರ್ 1937ರ ಸುಮಾರಿಗೆ 20 ಲೀಟರಿನ ಒಂದು ಉಕ್ಕಿನ ಕ್ಯಾನು ರೂಪಿಸಿದ. ಅಚ್ಚೊತ್ತಿದ ಎರಡು ಹೋಳುಗಳನ್ನು ವೆಲ್ಡ್ ಮಾಡಿ ಕೂಡಿಸಿದ್ದರಿಂದ ಸೋರುವ ಮಾತಿಲ್ಲ. ಪಕ್ಕಗಳಲ್ಲಿ ಗುಣಾಕಾರ ಚಿಹ್ನೆಯಂಥ ತಗ್ಗು. ಬಿಸಿಲಿಗೆ ಒಳಗಿನ ಪೆಟ್ರೋಲು ಹಿಗ್ಗಿದರೂ ಕ್ಯಾನು ತಡೆದುಕೊಳ್ಳುತ್ತಿತ್ತು. ಮುಚ್ಚಳವನ್ನು ತಿರುಗಿಸಬೇಕಾಗಿರಲಿಲ್ಲ, ಸನ್ನೆ ಒತ್ತಿದರೆ ಸಾಕು. ಸುರಿಯುವಾಗ ಗಾಳಿ ಒಳಹೋಗಲು ಬಾಯಿಯ ಬಳಿ ಸಣ್ಣ ಕೊಳವೆ ಇದ್ದುದರಿಂದ ಗಳಗಳ ಉಕ್ಕಿ ಚೆಲ್ಲುತ್ತಿರಲಿಲ್ಲ. ಮೇಲೆ ಒಂದರ ಪಕ್ಕ ಒಂದರಂತೆ ಮೂರು ಹಿಡಿ: ತುಂಬಿದ ಕ್ಯಾನನ್ನು ಇಬ್ಬರು ಆಚೀಚೆ ಹಿಡಿದು ಒಯ್ಯಬಹುದು, ಖಾಲಿಯವಾದರೆ ಒಬ್ಬನೇ ಒಂದೊಂದು ಕೈಯಲ್ಲಿ ಎರಡೆರಡು. ಖಾಲಿ ಕ್ಯಾನು ವಾಪಸು ಬರಬೇಕು ಎಂಬುದನ್ನು ಹಿಡಿ ಕೂರಿಸುವಾಗಲೇ ಯೋಚಿಸಿದ್ದರು. ನೀರಿನ ಕ್ಯಾನಿಗೆ ಬಿಳಿ ಶಿಲುಬೆಯ ಗುರುತು, ಬಾಯಾರಿದವನು ಪೆಟ್ರೋಲು ಕುಡಿಯಬಾರದಲ್ಲ!

ಇದನ್ನು ಮಾಡಲು ಖರ್ಚು ಹೆಚ್ಚು. ಕಾಸಿಗೆ ತಕ್ಕ ಕಜ್ಜಾಯ ಎಂದು ಬ್ರಿಟಿಷರಿಗೆ ಅರ್ಥವಾಗಲು ಮರುಭೂಮಿಯಲ್ಲಿ ಶತ್ರುವಿನ ಕ್ಯಾನುಗಳು ಕೈಗೆ ಸಿಗಬೇಕಾಯಿತು. ಜರ್ಮನ್ನರಿಗೆ ಅವರಿಟ್ಟಿದ್ದ ಅಡ್ಡಹೆಸರು ‘ಜೆರಿ’. ಕ್ಯಾನು ಜೆರಿಕ್ಯಾನ್ ಆಯಿತು. ಆಮೇಲೆ ಅದನ್ನೇ ಯಥಾವತ್ತು ನಕಲು ಮಾಡಿದರು.

ಅಮೆರಿಕನ್ನರಿಗಂತೂ ಅವಕಾಶ ಮನೆ ಬಾಗಿಲಿಗೇ ಬಂದಿತ್ತು. 1939ರಲ್ಲಿ ಪಾಲ್ ಪ್ಲೈಸ್ ಎಂಬ ಅಮೆರಿಕನ್ ಎಂಜಿನಿಯರ್, ಜರ್ಮನ್ ಸಹೋದ್ಯೋಗಿಯ ಜೊತೆ ಬರ್ಲಿನ್‌ನಿಂದ ಭಾರತಕ್ಕೆ ಕಾರಿನಲ್ಲಿ ಹೊರಟ. ದಾರಿಯ ನೀರಿಗೆಂದು ಆ ಜರ್ಮನ್, ಟೆಂಪಲ್‌ಹಾಫ್ ವಿಮಾನ ನಿಲ್ದಾಣದ ದಾಸ್ತಾನಿನಿಂದ ಮೂರು ಕ್ಯಾನು ಎತ್ತಿಕೊಂಡು ಬಂದಿದ್ದ. ಮಧ್ಯದಲ್ಲಿ ಅವನಿಗೆ ಜರ್ಮನಿಗೆ ಮರಳುವಂತೆ ಕರೆ ಬಂತು. ಹೋಗುವ ಮುನ್ನ ಕ್ಯಾನಿನ ತಯಾರಿಕೆಯ ವಿವರವನ್ನೆಲ್ಲ ಪ್ಲೈಸ್‌ಗೆ ಹೇಳಿಹೋದ. ಪ್ಲೈಸ್ ಕಲ್ಕತ್ತಾ ತಲುಪಿ, ಕಾರನ್ನು ಅಲ್ಲೇ ಬಿಟ್ಟು ಅಮೆರಿಕಕ್ಕೆ ಮರಳಿ ಅಧಿಕಾರಿಗಳಿಗೆ ವಿಷಯ ಮುಟ್ಟಿಸಿದ. ಯಾರೂ ಕಿವಿಗೊಡಲಿಲ್ಲ. ಕೊನೆಗೆ ಕಾರನ್ನೂ ಕ್ಯಾನನ್ನೂ ತರಿಸಿ, ಮಾದರಿಯೊಂದನ್ನು ವಾಷಿಂಗ್ಟನ್‌ಗೆ ಕಳಿಸಿದರೂ ಮೊದಲ ಮಹಾಯುದ್ಧದ ಹತ್ತು ಗ್ಯಾಲನ್ನಿನ ಕ್ಯಾನೇ ಸಾಕೆಂಬ ಉತ್ತರ ಬಂತು. ಆ ಕ್ಯಾನು ತೆರೆಯಲು ಸ್ಪ್ಯಾನರ್ ಬೇಕು, ಸುರಿಯಲು ಆಲಿಕೆ ಬೇಕು. ಮುಂದೆ ಅವರೂ ಜರ್ಮನ್ ಆಕಾರಕ್ಕೇ ಬಂದರು, ಆದರೆ ವೆಲ್ಡಿಂಗ್ ಬದಲು ತಗಡಿನ ಅಂಚು ಮಡಿಸಿ, ಹಳೆಯ ತಿರುಗಿಸುವ ಮುಚ್ಚಳವನ್ನೇ ಕೂರಿಸಿದರು.

ಹಾಗೂ ಹೀಗೂ ಒಳ್ಳೆಯ ಕ್ಯಾನು ಬಂದ ಮೇಲೆ ಹೊಸ ತಲೆನೋವು. 1944ರ ಬೇಸಿಗೆಯಲ್ಲಿ ನಾರ್ಮಂಡಿಯಿಂದ ಪ್ಯಾರಿಸ್ ಕಡೆಗೆ ನುಗ್ಗಿದ ಅಮೆರಿಕನ್ ಸೈನ್ಯ, ಖಾಲಿ ಮಾಡಿದ ಕ್ಯಾನುಗಳನ್ನು ದಾರಿಯುದ್ದಕ್ಕೂ ಎಸೆಯುತ್ತ ಹೋಯಿತು. ಲಾರಿ ಚಾಲಕರಿಗೆ ಮುಂದಿನ ಸರಕಿನ ಅವಸರ. ಖಾಲಿ ಕ್ಯಾನು ಆಯ್ದು ತರುವ ವ್ಯವಧಾನ ಯಾರಿಗಿತ್ತು? ಮತ್ತೆ ಮತ್ತೆ ತುಂಬಲೆಂದು ಮಾಡಿದ್ದನ್ನು ಸೈನ್ಯವೇ ಒಂದೇ ಸಲದ ಸರಕಾಗಿಸಿತ್ತು. ಲಕ್ಷಗಟ್ಟಲೆ ಕ್ಯಾನು ಕಾಣೆಯಾಗಿ, ಸರಬರಾಜು ಕುಂಟತೊಡಗಿತು. ಕೊನೆಗೆ ಸೈನ್ಯದ ಉಗ್ರಾಣ ವಿಭಾಗದ ಮುಖ್ಯಸ್ಥ ಜನರಲ್ ರಾಬರ್ಟ್ ಲಿಟಲ್‌ಜಾನ್ ಫ್ರೆಂಚ್ ಜನರ ಮೊರೆಹೋದ: ಕ್ಯಾನು ಹುಡುಕಿ ತಂದುಕೊಟ್ಟ ಶಾಲಾಮಕ್ಕಳಿಗೆ ಬಹುಮಾನ, ಜೊತೆಗೆ ಪ್ರಶಸ್ತಿಪತ್ರ.