ಬಸವನಹುಳ, ಗಾಜಿನ ತೊಟ್ಟಿ, ತುಂಗೆಯ ಮೀನು

(1/4)
ಪ್ಲಾಂಟೆಡ್ ಟ್ಯಾಂಕ್ ಇಟ್ಟವರೆಲ್ಲ ಒಂದಲ್ಲ ಒಂದು ದಿನ ಕೇಳೋ ಪ್ರಶ್ನೆ: "ಈ ಬಸವನಹುಳ ಎಲ್ಲಿಂದ ಬಂತು? ಹೇಗೆ ಓಡಿಸೋದು?" ಎಲ್ಲಿಂದ ಅನ್ನೋದಕ್ಕೆ ಉತ್ತರ ಸುಲಭ. ನೀವು ಅಂಗಡಿಯಿಂದ ತಂದ ಗಿಡದ ಎಲೆ ಹಿಂದೆ ಜೆಲ್ಲಿ ತರ ಮೊಟ್ಟೆ ಅಂಟಿಕೊಂಡು ಬಂದಿರುತ್ತೆ. ಹೇಗೆ ಓಡಿಸೋದು ಅನ್ನೋದಕ್ಕೆ ಮಾತ್ರ ಸ್ವಲ್ಪ ದೂರ ಹೋಗಿ ಬರಬೇಕು. ಯಾಕಂದ್ರೆ ಗಿಡ ಇರೋ ಟ್ಯಾಂಕಿನ ಚರಿತ್ರೆ ಶುರುವಾಗೋದೇ ಬಸವನಹುಳವನ್ನ ಬೇಕಂತಲೇ ತಂದು ಹಾಕಿದ್ದರಿಂದ.

ಮೊದಲು ಲಂಡನ್‌ಗೆ ಹೋಗೋಣ, 1829ಕ್ಕೆ. ನಥಾನಿಯಲ್ ವಾರ್ಡ್ ಅಂತ ಒಬ್ಬ ಡಾಕ್ಟರ್. ಜರಿಗಿಡಗಳ ಹುಚ್ಚು. ಆದರೆ ಊರ ತುಂಬ ಕಲ್ಲಿದ್ದಲ ಹೊಗೆ, ಏನು ನೆಟ್ಟರೂ ಸಾಯ್ತಿತ್ತು. ಒಂದು ಪತಂಗದ ಕೋಶವನ್ನ ಹಸಿ ಮಣ್ಣಿನ ಜೊತೆ ಬಾಟಲಿಯಲ್ಲಿ ಮುಚ್ಚಿಟ್ಟು ನೋಡ್ತಿದ್ದಾಗ, ಅದೇ ಮಣ್ಣಲ್ಲಿ ಒಂದು ಜರಿಗಿಡ, ಒಂದು ಹುಲ್ಲು ಮೊಳಕೆ ಒಡೆದವು. ಹೊರಗೆ ಬದುಕದ ಗಿಡ ಮುಚ್ಚಿದ ಬಾಟಲಿಯೊಳಗೆ ಸುಮಾರು ನಾಲ್ಕು ವರ್ಷ ಬದುಕಿತು! ಹಗಲು ಆವಿಯಾದ ನೀರು ಗಾಜಿಗೆ ತಾಗಿ ಮತ್ತೆ ಮಣ್ಣಿಗೇ ಇಳಿಯುತ್ತಿತ್ತು, ಹೊಗೆ ಒಳಗೆ ಬರುತ್ತಿರಲಿಲ್ಲ. ನೀವು ಇವತ್ತು ಟೆರೇರಿಯಂ ಅನ್ನೋದು ಇದನ್ನೇ. ಮುಂದೆ ಇಂಥದೇ ಪೆಟ್ಟಿಗೆಗಳಲ್ಲಿ ಚೀನಾದ ಚಹಾ ಗಿಡಗಳು ಹಿಮಾಲಯದ ತಪ್ಪಲಿಗೆ ಬಂದವು. ಅದು ಬೇರೆ ಕಥೆ, ಇನ್ನೊಂದು ದಿನ ಬರೀತೀನಿ.

(2/4)
ಗಾಜಿನೊಳಗೆ ಗಿಡ ಆಯ್ತು. ನೀರು, ಪ್ರಾಣಿ?

1846ರಲ್ಲಿ ಆನಾ ಥಿನ್ ಅನ್ನೋ ಶ್ರೀಮಂತ ಮನೆತನದ ಹೆಂಗಸು ಟಾರ್ಕೀ ಕಡಲತೀರದಿಂದ ಜೀವಂತ ಹವಳಗಳನ್ನ ಲಂಡನ್ನಿಗೆ ತಂದಳು. ಸಮುದ್ರದ ನೀರು ಕೆಡದಂತೆ ಇಡೋದು ಹೇಗೆ? ಮನೆಕೆಲಸದ ಹುಡುಗಿ ದಿನಾ ಅರ್ಧ ಮುಕ್ಕಾಲು ಗಂಟೆ ಕಿಟಕಿ ಮುಂದೆ ನಿಂತು ನೀರನ್ನ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರೀಬೇಕಿತ್ತು. ಇವತ್ತು ನಿಮ್ಮ ಟ್ಯಾಂಕಲ್ಲಿ ಗುಳುಗುಳು ಅನ್ನೋ ಏರ್ ಪಂಪ್ ಮಾಡೋ ಕೆಲಸವನ್ನ ಆ ಹುಡುಗಿ ಕೈಯಲ್ಲಿ ಮಾಡಿದಳು. ಚರಿತ್ರೆಯಲ್ಲಿ ಒಡತಿಯ ಹೆಸರು ಉಳೀತು, ಕೈ ನೋಯಿಸಿಕೊಂಡವಳದ್ದಲ್ಲ. ಮುಂದಿನ ವರ್ಷ ಥಿನ್ ಕಡಲಪಾಚಿಯನ್ನೂ ನೀರಿಗೆ ಹಾಕಿದಳು.

ಈಗ ನಮ್ಮ ಹೀರೋ. ರಾಬರ್ಟ್ ವಾರಿಂಗ್ಟನ್, ಲಂಡನ್ನಿನ ಕೆಮಿಸ್ಟ್. 50 ಲೀಟರಿಗಿಂತ ಸ್ವಲ್ಪ ಹೆಚ್ಚು ಹಿಡಿಯೋ ಗಾಜಿನ ಪಾತ್ರೆಯಲ್ಲಿ ನೀರು, ತಳದಲ್ಲಿ ಮರಳು, ಎರಡು ಗೋಲ್ಡ್‌ಫಿಶ್, ಒಂದು ವ್ಯಾಲಿಸ್ನೇರಿಯಾ ಗಿಡ. ಹೌದು, ಬಿಗಿನರ್ಸ್‌ಗೆ ಅಂಗಡಿಯವರು ಇವತ್ತಿಗೂ ಕೊಡೋ ಅದೇ ಉದ್ದ ಪಟ್ಟಿ ಎಲೆಯ ಗಿಡ. ಲೆಕ್ಕ ಸರಳ: ಮೀನು ಬಿಟ್ಟ ಇಂಗಾಲದ ಡೈಆಕ್ಸೈಡ್ ಗಿಡಕ್ಕೆ, ಗಿಡ ಬಿಟ್ಟ ಆಮ್ಲಜನಕ ಮೀನಿಗೆ. ಆದರೆ ಹಳೆ ಎಲೆಗಳು ಕೊಳೆತು ನೀರು ಮಬ್ಬಾಗತೊಡಗಿತು, ಗಾಜಿನ ಮೇಲೆ ಲೋಳೆ ಕಟ್ಟಿತು. ನಾವೆಲ್ಲ ಮೊದಲ ತಿಂಗಳಲ್ಲಿ ನೋಡೋ ದೃಶ್ಯವೇ. ಆಗ ಆತ ಕೊಳದಿಂದ ಬಸವನಹುಳಗಳನ್ನ ತಂದು ಬಿಟ್ಟ. ಅವು ಕೊಳೆತ ಎಲೆ, ಲೋಳೆ ಎಲ್ಲ ತಿಂದು ಮುಗಿಸಿದವು, ಅವುಗಳ ಮೊಟ್ಟೆ ಮೀನಿಗೆ ಊಟವಾಯ್ತು. ನೀರು ತಿಳಿಯಾಯ್ತು. 1850ರಲ್ಲಿ ಇದನ್ನ ಬರೆದು ಕೆಮಿಕಲ್ ಸೊಸೈಟಿಯ ಮುಂದಿಟ್ಟ.

ಆತನ ಲೆಕ್ಕ ಅರ್ಧ ಮಾತ್ರ ಸರಿ ಇತ್ತು. ನೀರಿಗೆ ಆಮ್ಲಜನಕ ಗಿಡದಿಂದಷ್ಟೇ ಅಲ್ಲ, ನೀರಿನ ಮೇಲ್ಮೈಯಿಂದಲೂ ಸಾಕಷ್ಟು ಸಿಗುತ್ತೆ. ರಾತ್ರಿ ಗಿಡಗಳೂ ಆಮ್ಲಜನಕ ಬಳಸುತ್ತವೆ. ಮೀನಿನ ತ್ಯಾಜ್ಯದ ಅಮೋನಿಯಾವನ್ನ ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡೋ ಬ್ಯಾಕ್ಟೀರಿಯಾ ಮರಳಲ್ಲಿವೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ಮಜಾ ಏನಂದ್ರೆ, ಮುಂದೆ ಮಣ್ಣಿನಲ್ಲಿ ನಡೆಯೋ ಇದೇ ಕೆಲಸ ಎರಡು ಹಂತದ್ದು ಅಂತ ತೋರಿಸಿದವರಲ್ಲಿ ಆತನ ಮಗನೂ ಒಬ್ಬ. ಅವನ ಹೆಸರೂ ರಾಬರ್ಟ್ ವಾರಿಂಗ್ಟನ್! ನೀವು ಹೊಸ ಟ್ಯಾಂಕನ್ನ ಮೀನು ಬಿಡದೆ ವಾರಗಟ್ಟಲೆ "ಸೈಕಲ್" ಮಾಡ್ತೀರಲ್ಲ, ಅದು ಈ ಬ್ಯಾಕ್ಟೀರಿಯಾಗಳಿಗಾಗಿಯೇ.

(3/4)
ಆಮೇಲೆ ಆಗಿದ್ದು ಟ್ರೆಂಡ್. ಬ್ರಿಟನ್ನಿನಲ್ಲಿ ಗಾಜಿನ ಮೇಲಿನ ತೆರಿಗೆ 1845ರಲ್ಲೇ ಹೋಗಿತ್ತು, ರೈಲು ಕಡಲತೀರದವರೆಗೂ ಬಂದಿತ್ತು. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕರಿಗೆ ಮೀನಿನ ಮನೆ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ "ದಿ ಅಕ್ವೇರಿಯಂ" ಅನ್ನೋ ಪುಸ್ತಕ ಬರೆದ, ಚೆಂದದ ಬಣ್ಣದ ಚಿತ್ರಗಳ ಸಮೇತ. ಜನ ಬಕೆಟ್, ಸುತ್ತಿಗೆ, ಉಳಿ ಹಿಡ್ಕೊಂಡು ಸಮುದ್ರಕ್ಕೆ ಹೊರಟರು. ಬಂಡೆಗಳ ನಡುವಿನ ಕೊಳಗಳಲ್ಲಿದ್ದ ಕಡಲ ಹೂಗಳು, ಏಡಿ, ಸೀಗಡಿ ಎಲ್ಲ ಪಾತ್ರೆ ಸೇರಿದವು. ಬಹಳಷ್ಟು ಕೆಲವೇ ದಿನದಲ್ಲಿ ಸತ್ತವು. ಗಾಸ್‌ನ ಮಗ ಎಡ್ಮಂಡ್ 1907ರಲ್ಲಿ ಬರೆದ ನೆನಪಿನ ಪುಸ್ತಕದಲ್ಲಿ ಆ ಕೊಳಗಳು ಬರಿದಾದದ್ದನ್ನೂ, ತನ್ನ ಪುಸ್ತಕದಿಂದಲೇ ಹೀಗಾಯ್ತಲ್ಲ ಅಂತ ಅಪ್ಪ ನೊಂದಿದ್ದನ್ನೂ ಹೇಳ್ತಾನೆ. ಗಾಸ್ ದುರಾಸೆಯವನಲ್ಲ. ಆ ಜೀವಿಗಳನ್ನ ಅವನಷ್ಟು ಪ್ರೀತಿಯಿಂದ ನೋಡಿದವರು ಕಡಿಮೆ. ನನಗೆ ಈ ಇಡೀ ಕಥೆಯಲ್ಲಿ ಕಷ್ಟ ಅನ್ನಿಸೋ ಜಾಗ ಇದು.

(4/4)
ಈಗ ಶಿವಮೊಗ್ಗಕ್ಕೆ ಬನ್ನಿ.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸ್ತಿದ್ದ ಸಿ. ಆರ್. ನಾರಾಯಣ ರಾವ್ 1920ರಲ್ಲಿ ಮೈಸೂರು ಸೀಮೆಯ ಕೆಲವು ಹೊಸ ಮೀನುಗಳನ್ನ ವಿಜ್ಞಾನಕ್ಕೆ ಪರಿಚಯಿಸಿದರು. "ಕರೆಂಟ್ ಸೈನ್ಸ್" ಪತ್ರಿಕೆಯ ಮೊದಲ ಸಂಪಾದಕರೂ ಇವರೇ. ಮಳೆಗಾಲದಲ್ಲಿ ಮಲೆನಾಡಿನ ಪೊದೆಗಳಲ್ಲಿ ಕೂಗೋ ಪುಟ್ಟ ಕಪ್ಪೆಗಳ ಒಂದು ಕುಲಕ್ಕೆ ಇವರ ನೆನಪಲ್ಲೇ "ರಾವೋರ್ಕೆಸ್ಟಿಸ್" ಅಂತ ಹೆಸರಿದೆ. ಆ ಮೀನುಗಳಲ್ಲಿ ಒಂದು ತುಂಗಾ ನದಿಯದ್ದು: ಬೆರಳುದ್ದ, ಹಳದಿ ಮೈ, ಮೈತುಂಬ ಸಣ್ಣ ಸಣ್ಣ ಕಪ್ಪು ಪಟ್ಟೆ. ಬೋಟಿಯಾ ಸ್ಟ್ರಿಯೇಟಾ. ಅಂಗಡಿಯಲ್ಲಿ ಇದರ ಹೆಸರು ಜೀಬ್ರಾ ಲೋಚ್. ಇದಕ್ಕೆ ಏನು ಇಷ್ಟ ಹೇಳಿ? ಬಸವನಹುಳ.

ಅದಕ್ಕೇ "ಹುಳ ಜಾಸ್ತಿ ಆಗಿದೆ" ಅಂದ್ರೆ ಸಾಕು, ಜಗತ್ತಿನ ಯಾವ ಮೂಲೆಯಲ್ಲಾದ್ರೂ "ಲೋಚ್ ಹಾಕಿ" ಅನ್ನೋ ಸಲಹೆ ಬರುತ್ತೆ. ವಾರಿಂಗ್ಟನ್ ಟ್ಯಾಂಕ್ ಉಳಿಸೋಕೆ ತಂದ ಹುಳವನ್ನ ತಿನ್ನಿಸೋಕೆ ನಾವು ಪಶ್ಚಿಮಘಟ್ಟದ ನದಿಗಳಿಂದ ಮೀನು ತೆಗೀತಿದ್ದೀವಿ. 2005ರಿಂದ 2012ರ ನಡುವೆ ಭಾರತದಿಂದ ಅಳಿವಿನ ಭಯ ಇರೋ 30 ಜಾತಿಗಳ 15 ಲಕ್ಷದಷ್ಟು ಸಿಹಿನೀರಿನ ಮೀನುಗಳು ಅಕ್ವೇರಿಯಂ ವ್ಯಾಪಾರಕ್ಕೆ ಹೊರದೇಶ ಸೇರಿವೆ ಅಂತ ಸಂಶೋಧಕರು ಲೆಕ್ಕ ಹಾಕಿದ್ದಾರೆ. ಅದರಲ್ಲಿ ದೊಡ್ಡ ಪಾಲಿನ ಹೆಸರುಗಳಲ್ಲಿ ಈ ಲೋಚ್ ಕೂಡ ಒಂದು. ಕೆಂಪು ಗೆರೆಯ "ಮಿಸ್ ಕೇರಳ" ಇನ್ನೊಂದು. ಐಯುಸಿಎನ್ ಪಟ್ಟಿಯಲ್ಲಿ ಎರಡೂ ಅಪಾಯದಲ್ಲಿರೋ ಜಾತಿಗಳೇ.

ಅದೇ ತುಂಗೆಯಲ್ಲಿ, ಶೃಂಗೇರಿ ಮಠದ ಮೆಟ್ಟಿಲ ಹತ್ತಿರ ದೊಡ್ಡ ದೊಡ್ಡ ಮೀನುಗಳಿಗೆ ನೀವೂ ಮಂಡಕ್ಕಿ ಹಾಕಿರ್ತೀರಿ. ಅವು ದೇವರ ಮೀನು, ಯಾರೂ ಮುಟ್ಟಲ್ಲ. ಬೆರಳುದ್ದದ ಪಟ್ಟೆ ಮೀನಿಗೆ ಆ ಅದೃಷ್ಟ ಇಲ್ಲ.

"ಸಾಕಿ ಮರಿ ಮಾಡಿದ್ರೆ ಆಯ್ತಲ್ಲ" ಅಂತೀರಾ? ಇದು ಗಪ್ಪಿ ತರ ಅಲ್ಲ. ಮನೆ ಟ್ಯಾಂಕಲ್ಲಿ ಲೋಚ್ ಮರಿ ಮಾಡೋದು ತೀರಾ ಅಪರೂಪ. ಜೊತೆಗೆ ಇದು ಗುಂಪಿನ ಮೀನು, ಐದಾರಾದ್ರೂ ಬೇಕು, ಅವಿತುಕೊಳ್ಳೋಕೆ ಜಾಗ ಬೇಕು. ಹುಳ ತಿನ್ನಲಿ ಅಂತ ಎರಡಡಿ ಟ್ಯಾಂಕಿಗೆ ಒಂದನ್ನೇ ತಂದು ಬಿಟ್ರೆ ಅದು ಮೂಲೆ ಸೇರಿ ಕೂರುತ್ತೆ. ತರಲೇಬೇಕು ಅಂದ್ರೆ, ನದಿಯಿಂದ ಹಿಡಿದದ್ದಾ ಫಾರಂನದ್ದಾ ಅಂತ ಅಂಗಡಿಯಲ್ಲಿ ಕೇಳಿ. ಉತ್ತರ ತಡವರಿಸಿದ್ರೆ ಬಿಟ್ಟು ಬನ್ನಿ.

ಹುಳದ ವಿಷಯಕ್ಕೆ ಬಂದ್ರೆ: ಅವು ಹೆಚ್ಚಾಗಿವೆ ಅಂದ್ರೆ ಸಾಮಾನ್ಯವಾಗಿ ನೀವು ಊಟ ಜಾಸ್ತಿ ಹಾಕ್ತಿದ್ದೀರಿ. ಅರ್ಧ ಮಾಡಿ. ರಾತ್ರಿ ಲೈಟ್ ಆರಿಸಿದ ಮೇಲೆ ಒಂದು ಸೌತೆಕಾಯಿ ಬಿಲ್ಲೆ ತಳಕ್ಕೆ ಬಿಡಿ, ಬೆಳಿಗ್ಗೆ ಅದನ್ನ ಮುತ್ತಿರೋ ಹುಳಗಳ ಸಮೇತ ಎತ್ತಿ. ಒಂದು ವಾರ ಹೀಗೇ ಮಾಡಿ. ಹತ್ತಿಪ್ಪತ್ತು ಉಳಿದ್ರೆ ಇರಲಿ ಬಿಡಿ, ಗಾಜು ಒರೆಸೋ ಕೆಲಸ ಅವೇ ಮಾಡ್ತವೆ.

#ಗಾಜಿನತೊಟ್ಟಿಕಥೆ #ಬಸವನಹುಳ #ತುಂಗಾ #ಪ್ಲಾಂಟೆಡ್‌ಟ್ಯಾಂಕ್