ಮೀಟರ್ ಪೆಟ್ಟಿಗೆಯಿಂದ ಗಣಕಯಂತ್ರಕ್ಕೆ: ಮನೆಯ ಲೆಕ್ಕ ಯಾರ ಕೈಯಲ್ಲಿ?

ನೆದರ್‌ಲ್ಯಾಂಡ್ಸ್‌ನ ಯಾವ ಮನೆಗೆ ಹೋದರೂ ಮುಂಬಾಗಿಲಿನ ಬಳಿ ಒಂದು ಪುಟ್ಟ ಕಪಾಟು ಕಾಣುತ್ತದೆ. ಇಲ್ಲಿಯವರು ಅದನ್ನು ‘ಮೀಟರ್‌ಕಾಸ್ಟ್’ ಎನ್ನುತ್ತಾರೆ. ವಿದ್ಯುತ್ತು, ಗ್ಯಾಸು, ನೀರುಗಳ ಮೀಟರುಗಳಿರುವುದು ಅದರೊಳಗೆ. ನಮ್ಮವರ ಮನೆಗಳಲ್ಲಾದರೆ ಅದೇ ಕಪಾಟಿನಲ್ಲಿ ಛತ್ರಿ, ಪೊರಕೆ, ಇಂಡಿಯನ್ ಅಂಗಡಿಯಿಂದ ತಂದ ಅಕ್ಕಿಯ ಚೀಲಗಳೂ ಸೇರಿಕೊಂಡಿರುತ್ತವೆ. ಆ ಪೆಟ್ಟಿಗೆಗಳು ನಮ್ಮ ನೆನಪಿಗೆ ಬರುವುದು ವರ್ಷಕ್ಕೊಮ್ಮೆ ಅಂತಿಮ ಲೆಕ್ಕದ ಬಿಲ್ಲು ಬಂದಾಗ ಮಾತ್ರ. ಆದರೆ ಆ ಕಪಾಟಿಗೂ ಕಂಪನಿಯ ಲೆಕ್ಕದ ಪುಸ್ತಕಕ್ಕೂ ನಡುವೆ ಇರುವ ದಾರಿಯ ಚರಿತ್ರೆ ಸ್ವಾರಸ್ಯಕರವಾಗಿದೆ. ನಮಗೆಲ್ಲ ಒಂದು ಪಾಠವೂ ಅದರಲ್ಲಿ ಇದೆ.

ಈ ವಿಷಯದಲ್ಲಿ ನಾವು ಕನ್ನಡಿಗರು ಹಿಂದುಳಿದವರೇನಲ್ಲ. ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ತು 1902ರ ಜೂನ್ 30ರಂದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿತು. ಗಿರಾಕಿಗಳು ಗಣಿ ಕಂಪನಿಗಳಷ್ಟೇ ಆಗಿದ್ದಾಗ ಲೆಕ್ಕ ಇಡುವುದು ಕಷ್ಟವಾಗಿರಲಿಲ್ಲ. ದೀಪ ಮನೆಮನೆಗೆ ಬಂದಾಗ ಪ್ರತಿ ಮನೆಗೂ ಒಂದು ಗುರುತು ಬೇಕಾಯಿತು. ಹಾಗೆ ಬಂದದ್ದೇ ನಾವೆಲ್ಲ ಬಲ್ಲ ಆರ್.ಆರ್. ನಂಬರು, ಅಂದರೆ ರೆವಿನ್ಯೂ ರಿಜಿಸ್ಟರಿನ ಸಂಖ್ಯೆ. ದಪ್ಪ ರಿಜಿಸ್ಟರು ಗಣಕಯಂತ್ರದೊಳಗೆ ಸೇರಿಕೊಂಡಿತು. 1957ರಲ್ಲಿ ಹುಟ್ಟಿದ ವಿದ್ಯುಚ್ಛಕ್ತಿ ಮಂಡಳಿ 1999ರಲ್ಲಿ ನಿಗಮವಾಯಿತು, 2002ರಲ್ಲಿ ಬೆಸ್ಕಾಂ ಮೊದಲಾದ ವಿತರಣಾ ಕಂಪನಿಗಳೂ ಬಂದವು. ಆದರೂ ಆರ್.ಆರ್. ನಂಬರು ಎಂಬ ಹೆಸರು ಉಳಿದುಕೊಂಡಿದೆ.

ಈ ದೇಶದಲ್ಲಿ ಗ್ಯಾಸು, ವಿದ್ಯುತ್ತುಗಳು ಬಹುಕಾಲ ಊರಿನ ಪೌರಾಡಳಿತದ ಕೈಯಲ್ಲಿದ್ದವು. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಬಡವರ ಮನೆಗಳಲ್ಲಿ ನಾಣ್ಯ ಹಾಕುವ ಗ್ಯಾಸ್ ಮೀಟರುಗಳಿದ್ದವು. ‘ಗ್ಯಾಸ್‌ಪೆನ್ನಿಂಗ್’ ಎಂಬ ಬಿಲ್ಲೆಯನ್ನು ಕೊಂಡು ತಂದು ಮೀಟರಿನ ಸೀಳಿನಲ್ಲಿ ಹಾಕಿದರೆ ಇಂತಿಷ್ಟು ಗ್ಯಾಸು ಬರುತ್ತಿತ್ತು. ಬಿಲ್ಲೆ ಮುಗಿದರೆ ಒಲೆಯೂ ಆರುತ್ತಿತ್ತು. ಬಾಕಿ ಎಂಬುದಿರಲಿಲ್ಲ. ಮನೆಯೊಡತಿ ಎಷ್ಟು ಹೊತ್ತಿಗೆ ಅಡಿಗೆ ಮಾಡಿದಳು ಎಂಬುದು ಯಾರಿಗೂ ತಿಳಿಯುತ್ತಲೂ ಇರಲಿಲ್ಲ. 1959ರಲ್ಲಿ ಖ್ರೋನಿಂಗನ್ ಪ್ರಾಂತ್ಯದ ಸ್ಲೋಖ್ಟರೆನ್‌ನಲ್ಲಿ ಭಾರಿ ಅನಿಲ ನಿಕ್ಷೇಪ ಸಿಕ್ಕಿತು. ಅರವತ್ತರ ದಶಕದಲ್ಲಿ ದೇಶಕ್ಕೆ ದೇಶವೇ ನೈಸರ್ಗಿಕ ಅನಿಲಕ್ಕೆ ಬದಲಾಯಿತು.

ದೊಡ್ಡ ಪಲ್ಲಟ ಬಂದದ್ದು 1998ರ ವಿದ್ಯುತ್ ಕಾನೂನಿನಿಂದ. 2004ರ ಜುಲೈ 1ರಿಂದ ಪ್ರತಿ ಮನೆಯವರೂ ತಮಗೆ ಬೇಕಾದ ಕಂಪನಿಯಿಂದ ವಿದ್ಯುತ್ತು, ಗ್ಯಾಸು ಕೊಳ್ಳಬಹುದಾಯಿತು. ಇಲ್ಲೊಂದು ಸೂಕ್ಷ್ಮವಿದೆ. ಕಂಪನಿ ಬದಲಾದರೂ ತಂತಿ ಬದಲಾಗುವುದಿಲ್ಲ, ಹರಿಯುವ ವಿದ್ಯುತ್ತೂ ಅದೇ. ಬದಲಾಗುವುದು ಗಣಕದೊಳಗಿನ ಒಂದು ನಮೂದು ಮಾತ್ರ. ಪ್ರತಿ ಸಂಪರ್ಕಕ್ಕೂ ಹದಿನೆಂಟು ಅಂಕಿಗಳ ಇ.ಎ.ಎನ್. ಸಂಖ್ಯೆ ಇದೆ. ನಮ್ಮ ಆರ್.ಆರ್. ನಂಬರಿನ ಡಚ್ ತಮ್ಮ ಎನ್ನೋಣ. ಆ ಸಂಖ್ಯೆಯ ಮುಂದೆ ಇಂಥ ದಿನದಿಂದ ಇಂಥ ಕಂಪನಿ ಎಂದು ಬರೆದುಕೊಳ್ಳುವ ಸಾಫ್ಟ್‌ವೇರು ಸರಿಯಿದ್ದರೆ ಎಲ್ಲವೂ ಸರಿ.

ಮೊದಮೊದಲು ಅದು ಸರಿಯಿರಲಿಲ್ಲ. ಕೆಲವು ಮನೆಗಳಿಗೆ ಎರಡೆರಡು ಕಡೆಯಿಂದ ಬಿಲ್ಲು, ಕೆಲವಕ್ಕೆ ತಿಂಗಳುಗಟ್ಟಲೆ ಬಿಲ್ಲೇ ಇಲ್ಲ. ದೂರುಗಳ ಮಳೆ ಸುರಿಯಿತು. ಆ ಬಳಿಕ 2007ರಲ್ಲಿ ಇ.ಡಿ.ಎಸ್.ಎನ್. ಎಂಬ ಸಂಸ್ಥೆ ಹುಟ್ಟಿ, ಎಲ್ಲ ಕಂಪನಿಗಳ ನಡುವಣ ಮಾಹಿತಿ ವಿನಿಮಯವನ್ನು ವಹಿಸಿಕೊಂಡಿತು. 2006ರ ಇನ್ನೊಂದು ಕಾನೂನಿನಿಂದ ತಂತಿಯ ಒಡೆಯರೂ ವಿದ್ಯುತ್ ಮಾರುವವರೂ ಬೇರೆ ಬೇರೆಯಾದರು. ಲಿಯಾಂಡರ್, ಎನೆಕ್ಸಿಸ್, ಸ್ಟೆಡಿನ್ ಮುಂತಾದವು ತಂತಿಯ ಕಂಪನಿಗಳು. 2013ರಿಂದ ಇಬ್ಬರಿಗೂ ಸೇರಬೇಕಾದ ಹಣ ಮಾರುವ ಕಂಪನಿಯ ಒಂದೇ ಬಿಲ್ಲಿನಲ್ಲಿ ಬರತೊಡಗಿತು.

ಇಷ್ಟಾದ ಮೇಲೆ ಸರ್ಕಾರಕ್ಕೆ ಇನ್ನೊಂದು ಯೋಚನೆ ಬಂತು. ಮೀಟರೇ ನೇರವಾಗಿ ಗಣಕಯಂತ್ರದೊಡನೆ ಮಾತಾಡಿದರೆ? ಪ್ರತಿ ಮನೆಗೂ ‘ಸ್ಮಾರ್ಟ್ ಮೀಟರ್’ ಕಡ್ಡಾಯವೆಂಬ ಮಸೂದೆಯನ್ನು ಕೆಳಮನೆ 2008ರಲ್ಲಿ ಒಪ್ಪಿತು. ಹದಿನೈದು ನಿಮಿಷಕ್ಕೊಮ್ಮೆ ವಿದ್ಯುತ್ತಿನ ಅಳತೆ, ಗಂಟೆಗೊಮ್ಮೆ ಗ್ಯಾಸಿನ ಅಳತೆ ಎಂಬುದು ಯೋಜನೆ. ಒಪ್ಪದೆ ಹೋದರೆ ಶಿಕ್ಷಾರ್ಹ ಅಪರಾಧ.

ವೈದ್ಯನಾದ ನಿಮಗೆ ಮೀಟರಿನ ಉಸಾಬರಿ ಏಕೆಂದು ಓದುಗರು ಕೇಳಬಹುದು. ರೆಸಿಡೆನ್ಸಿಯ ದಿನಗಳಲ್ಲಿ ಬೆಳಗಿನ ರೌಂಡ್ಸಿಗೆ ಹೋದಾಗ ನಾವು ಮೊದಲು ಕೈಗೆತ್ತಿಕೊಳ್ಳುತ್ತಿದ್ದುದು ಮಂಚಕ್ಕೆ ತೂಗುಹಾಕಿದ ಚಾರ್ಟನ್ನು. ಜ್ವರ, ನಾಡಿ, ಉಸಿರಾಟ. ನಾಲ್ಕು ಗಂಟೆಗೊಮ್ಮೆ ಸಿಸ್ಟರ್ ಗುರುತಿಸಿದ ಚುಕ್ಕೆಗಳು, ದಿನಕ್ಕೆ ಆರು. ರೋಗಿ ಬಾಯಿ ಬಿಡುವ ಮೊದಲೇ ಅವನ ರಾತ್ರಿ ಹೇಗೆ ಕಳೆಯಿತೆಂದು ಅವು ಹೇಳುತ್ತಿದ್ದವು. ಆರು ಚುಕ್ಕೆಗಳು ಅಷ್ಟು ಹೇಳುವುದಾದರೆ, ಹದಿನೈದು ನಿಮಿಷಕ್ಕೊಂದರಂತೆ ದಿನಕ್ಕೆ ತೊಂಬತ್ತಾರು ಚುಕ್ಕೆಗಳು ಎಷ್ಟು ಹೇಳಲಾರವು? ಮನೆಯವರು ಯಾವಾಗ ಏಳುತ್ತಾರೆ, ಯಾವ ವಾರ ಊರಿಗೆ ಹೋಗಿದ್ದಾರೆ, ಯಾರ ಮನೆಯ ದೀಪ ರಾತ್ರಿ ಮೂರಕ್ಕೆ ಹತ್ತುತ್ತದೆ ಎಂಬುದೆಲ್ಲ ಅದರಲ್ಲಿ ಇರುತ್ತದೆ. ರೋಗಿಯ ಚಾರ್ಟಿಗಾದರೂ ವೈದ್ಯನ ಗೋಪ್ಯತೆಯ ಕಾವಲಿದೆ. ಮೀಟರಿನ ಚಾರ್ಟಿಗೆ ಯಾರ ಕಾವಲು?

ಇದೇ ಪ್ರಶ್ನೆಯನ್ನು ಇಲ್ಲಿಯ ಬಳಕೆದಾರರ ಸಂಘ ಕೇಳಿತು. ಅದರ ಕೋರಿಕೆಯ ಮೇರೆಗೆ ಟಿಲ್ಬರ್ಗ್ ವಿಶ್ವವಿದ್ಯಾಲಯದ ಕಾನೂನು ತಜ್ಞರು ಮಸೂದೆಯನ್ನು ಪರಿಶೀಲಿಸಿ, ಯುರೋಪಿನ ಮಾನವ ಹಕ್ಕುಗಳ ಒಡಂಬಡಿಕೆಯ 8ನೆಯ ವಿಧಿಗೆ, ಅಂದರೆ ಮನೆ ಮತ್ತು ಖಾಸಗಿ ಬದುಕಿನ ರಕ್ಷಣೆಗೆ, ಅದು ಹೊಂದುವುದಿಲ್ಲವೆಂದು 2008ರಲ್ಲಿ ವರದಿ ಕೊಟ್ಟರು.

ಲೆಕ್ಕದ ಪುಸ್ತಕ ಕೆಟ್ಟವರ ಕೈಗೆ ಸಿಕ್ಕರೆ ಏನಾಗುತ್ತದೆಂಬುದು ಈ ದೇಶಕ್ಕೆ ಅನುಭವದಿಂದ ಗೊತ್ತು. ಜರ್ಮನರ ಆಕ್ರಮಣದ ಕಾಲದಲ್ಲಿ, ಒಳ್ಳೆಯ ಉದ್ದೇಶದಿಂದ ಅಚ್ಚುಕಟ್ಟಾಗಿ ಇಟ್ಟಿದ್ದ ಜನಸಂಖ್ಯಾ ನೋಂದಣಿಯೇ ಯಹೂದಿಗಳನ್ನು ಹುಡುಕುವ ಸಾಧನವಾಯಿತು. 1943ರ ಮಾರ್ಚ್ 27ರ ರಾತ್ರಿ ಕಲಾವಿದರಾದ ವಿಲ್ಲೆಮ್ ಅರೊಂಡೇಯಸ್, ಖೆರಿಟ್ ವಾನ್ ಡೆರ್ ವೇನ್ ಮತ್ತು ಸಂಗಡಿಗರು ಆಂಸ್ಟರ್‌ಡ್ಯಾಮಿನ ನೋಂದಣಿ ಕಚೇರಿಗೆ ಬೆಂಕಿಯಿಟ್ಟರು. ಆ ಗುಂಪಿನ ಹನ್ನೆರಡು ಮಂದಿಯನ್ನು ಅದೇ ಜುಲೈ 1ರಂದು ಗುಂಡಿಕ್ಕಿ ಕೊಂದರು. ಆ ನೆನಪನ್ನು ಹೊತ್ತ ಜನ ‘ಇದು ಬರಿಯ ಅಂಕಿಯಷ್ಟೆ’ ಎಂಬ ಮಾತಿಗೆ ಸುಲಭವಾಗಿ ತಲೆದೂಗಲಾರರು.

2009ರ ಏಪ್ರಿಲ್ 7ರಂದು ಮೇಲ್ಮನೆ ಆ ಕಡ್ಡಾಯಕ್ಕೆ ಒಪ್ಪಿಗೆ ಕೊಡಲಿಲ್ಲ. ಸರ್ಕಾರ ಮಸೂದೆಯನ್ನು ತಿದ್ದಬೇಕಾಯಿತು. 2011ರಲ್ಲಿ ಅಂಗೀಕಾರವಾದ ಕಾನೂನಿನಂತೆ, ಬೇಡವೆನ್ನುವ ಹಕ್ಕು ಮನೆಯವರಿಗೆ ಸಿಕ್ಕಿತು. ಮೀಟರು ಹಾಕಿಸಿಕೊಂಡು ದೂರದ ಓದನ್ನು ನಿಲ್ಲಿಸಿಡಲೂ ಅವಕಾಶವಿತ್ತು. ಸೂಕ್ಷ್ಮ ವಿವರಗಳನ್ನು ಕಂಪನಿ ಪಡೆಯಬೇಕಾದರೆ ಮನೆಯವರ ಅನುಮತಿ ಬೇಕಾಯಿತು. 2015ರಿಂದ ಮೀಟರು ಹಾಕುವ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಬೇಡವೆನ್ನುವ ಹಕ್ಕು ಸಿಕ್ಕ ಮೇಲೆ ಬಹುಪಾಲು ಮನೆಗಳವರು ಬೇಕೆಂದೇ ಹೇಳಿದರು! ವೈದ್ಯಕೀಯದಲ್ಲೂ ಇದೇ ಅನುಭವ. ರೋಗಿಗೆ ತಿಳಿಸಿ, ಒಪ್ಪಿಗೆ ಕೇಳಿದರೆ ಸೂಜಿಗೆ ತಾನೇ ಕೈ ನೀಡುತ್ತಾನೆ. ಹಿಡಿದು ಚುಚ್ಚಹೋದರೆ ಕೊಸರಾಡುತ್ತಾನೆ. 2011ರ ಏಪ್ರಿಲಿನಲ್ಲಿ ಅದೇ ಮೇಲ್ಮನೆ ರೋಗಿಗಳ ರಾಷ್ಟ್ರೀಯ ವಿದ್ಯುನ್ಮಾನ ದಾಖಲೆಯ ಮಸೂದೆಯನ್ನೂ ಸರ್ವಾನುಮತದಿಂದ ತಿರಸ್ಕರಿಸಿತೆಂಬುದು ಇಲ್ಲಿ ನೆನೆಯತಕ್ಕದ್ದು.

ನಮ್ಮ ಊರಿನಲ್ಲೂ ಈ ಕಾಲ ಬಂದಿದೆ. 2023ರ ಗೃಹಜ್ಯೋತಿ ಯೋಜನೆಯಲ್ಲಿ ಹಿಂದಿನ ವರ್ಷದ ಸರಾಸರಿ ಬಳಕೆಯನ್ನು ಗಣಕದಿಂದ ತೆಗೆದು, ಅದಕ್ಕೆ ಶೇಕಡಾ 10 ಸೇರಿಸಿ, 200 ಯೂನಿಟ್ಟಿನ ಮಿತಿಯೊಳಗೆ ಉಚಿತ ವಿದ್ಯುತ್ತು ನಿಗದಿಯಾಯಿತು. ಮೀಟರಿನ ಚರಿತ್ರೆಯೇ ಮನೆಯ ಸವಲತ್ತನ್ನು ತೀರ್ಮಾನಿಸಿತು. 2025ರಲ್ಲಿ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರು ಕಡ್ಡಾಯವಾದಾಗ ಮೀಟರಿನ ಬೆಲೆಯ ಬಗ್ಗೆ ಬಹಳ ಚರ್ಚೆಯಾಯಿತು, ಆಗಬೇಕಾದದ್ದೇ. ಅದರೊಳಗಿನ ಅಂಕಿಗಳು ಯಾರವು ಎಂಬ ಪ್ರಶ್ನೆಯೂ ಅಷ್ಟೇ ಗಟ್ಟಿಯಾಗಿ ಕೇಳಿಬರಲಿ.

ನಮ್ಮ ಸಂಘದ ಎಷ್ಟೋ ಮಂದಿ ಸಾಫ್ಟ್‌ವೇರ್ ಬರೆದೇ ಅನ್ನ ಕಾಣುವವರು. ಇಂಥ ಲೆಕ್ಕದ ಯಂತ್ರಗಳನ್ನು ಕಟ್ಟುವವರು ನಮ್ಮಲ್ಲೂ ಇದ್ದಾರೆ. ಅವರಲ್ಲಿ ನನ್ನದೊಂದು ವಿನಂತಿ: ನಿಮ್ಮ ಪರದೆಯ ಮೇಲಿನ ಪ್ರತಿ ಹದಿನೆಂಟು ಅಂಕಿಯ ಹಿಂದೆ ಒಂದು ಮನೆಯಿದೆ, ಬಾಗಿಲ ಬಳಿ ಒಂದು ಕಪಾಟಿದೆ. ಒಳಗೆ ಬರುವ ಮೊದಲು ಬಾಗಿಲು ತಟ್ಟಿ ಕೇಳುವುದು ನಮ್ಮ ಊರಿನ ಪದ್ಧತಿ. ಅದನ್ನು ಸಾಫ್ಟ್‌ವೇರಿಗೂ ಕಲಿಸಿರಿ.