ಹತ್ತು ಗಂಟೆಯ ಸೂಜಿ

ರಕ್ತ ಕಮ್ಮಿ ಇದೆ ಅಂದ ಕೂಡಲೇ ನಮ್ಮಲ್ಲಿ ನುಗ್ಗೆಸೊಪ್ಪು, ಬೆಲ್ಲ, ಖರ್ಜೂರ ಅಂತ ಪಟ್ಟಿ ಶುರುವಾಗುತ್ತೆ. ಕಬ್ಬಿಣ ಜಾಸ್ತಿಯಾಗಿ ಮಗುವಿನ ಜೀವಕ್ಕೇ ಕುತ್ತು ಬರಬಹುದು ಅಂದರೆ ಯಾರೂ ಸುಲಭಕ್ಕೆ ನಂಬಲ್ಲ. ಥಲಸ್ಸೀಮಿಯಾ ಮೇಜರ್ ಇರುವ ಮಕ್ಕಳ ಕಥೆ ಮಾತ್ರ ಇದೇ. ನಮ್ಮ ಬಂಧುಗಳ ಪೈಕಿ ಒಂದು ಮನೆಯಲ್ಲಿ ಅಂಥ ಮಗು ಇದೆ. ಅದರ ಮಾತ್ರೆಯ ಬಗ್ಗೆ ಒಂದಿಷ್ಟು ಓದೋಣ ಅಂತ ಕೂತವನು ಹಿಂದಕ್ಕೆ ಹೋಗ್ತಾ ಹೋಗ್ತಾ 1925ಕ್ಕೆ ತಲುಪಿದೆ.

ಆ ವರ್ಷ ಅಮೆರಿಕದ ಡೆಟ್ರಾಯಿಟ್‌ನ ಮಕ್ಕಳ ವೈದ್ಯ ಥಾಮಸ್ ಕೂಲಿ, ತೀರಾ ಬಿಳಿಚಿಕೊಂಡ, ಗುಲ್ಮ ಊದಿಕೊಂಡ, ಮುಖದ ಮೂಳೆಗಳು ಬದಲಾದ ಕೆಲವು ಮಕ್ಕಳ ಬಗ್ಗೆ ಬರೆದರು. ಈ ಮಕ್ಕಳ ದೇಹಕ್ಕೆ ಸರಿಯಾದ ಹಿಮೋಗ್ಲೋಬಿನ್ ಮಾಡಲು ಬರಲ್ಲ. ಹೊರಗಿನಿಂದ ರಕ್ತ ಕೊಡುವುದೊಂದೇ ಆಗ ಇದ್ದ ದಾರಿ. ಮೊದಮೊದಲು ಮಗು ಪೂರ್ತಿ ಸೋತಾಗ ಮಾತ್ರ ಕೊಡುತ್ತಿದ್ದರು. 1964ರಲ್ಲಿ ಫಿಲಡೆಲ್ಫಿಯಾದ ಇರ್ವಿಂಗ್ ವೋಲ್ಮನ್, ಹಿಮೋಗ್ಲೋಬಿನ್ ಮಟ್ಟ ಬೀಳದಂತೆ ನೋಡಿಕೊಂಡರೆ ಮಕ್ಕಳು ಚೆನ್ನಾಗಿ ಬೆಳೆಯುತ್ತಾರೆ ಅಂತ ತೋರಿಸಿದರು. ಮಕ್ಕಳು ಓಡಾಡಿದರು, ಶಾಲೆಗೆ ಹೋದರು. ಆದರೆ ಹದಿಹರೆಯ ಮುಟ್ಟುತ್ತಲೇ ಹೃದಯ ಸೋಲತೊಡಗಿತು!

ಯಾಕೆ ಅಂದರೆ, ಒಂದು ಬಾಟಲ್ ರಕ್ತದಲ್ಲಿ ಸುಮಾರು 200 ಮಿಲಿಗ್ರಾಂ ಕಬ್ಬಿಣ ಇರುತ್ತೆ. ನಮ್ಮ ದೇಹ ದಿನಕ್ಕೆ ಕಳೆದುಕೊಳ್ಳುವುದು ಒಂದೋ ಎರಡೋ ಮಿಲಿಗ್ರಾಂ. ಹೆಚ್ಚಾದದ್ದನ್ನು ಹೊರಗೆ ಹಾಕುವ ವ್ಯವಸ್ಥೆಯೇ ನಮ್ಮಲ್ಲಿಲ್ಲ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಇದು ಅಪ್ಪಟ ಮೆಮೊರಿ ಲೀಕ್, ಅಲೊಕೇಟ್ ಮಾಡೋ ಫಂಕ್ಷನ್ ಇದೆ, ಫ್ರೀ ಮಾಡೋದು ಬರೆದೇ ಇಲ್ಲ :-) ಎರಡು ಮೂರು ವಾರಕ್ಕೊಮ್ಮೆ ರಕ್ತ ಪಡೆಯುವ 20 ಕಿಲೋ ತೂಕದ ಮಗುವಿನಲ್ಲಿ ದಿನಕ್ಕೆ 6ರಿಂದ 12 ಮಿಲಿಗ್ರಾಂ ಲೆಕ್ಕದಲ್ಲಿ ಕಬ್ಬಿಣ ಸೇರುತ್ತಾ ಹೋಗುತ್ತೆ. ಅದು ಹೋಗಿ ಕೂರುವುದು ಯಕೃತ್ತಿನಲ್ಲಿ, ಹೃದಯದಲ್ಲಿ, ಬೆಳವಣಿಗೆಯ ಹಾರ್ಮೋನುಗಳನ್ನು ಮಾಡುವ ಗ್ರಂಥಿಗಳಲ್ಲಿ. ಬದುಕಿಸುವ ರಕ್ತವೇ ನಿಧಾನಕ್ಕೆ ಕೊಲ್ಲುತ್ತಿತ್ತು.

ಇದಕ್ಕೆ ಉತ್ತರ ಬಂದದ್ದು ಮಣ್ಣಿನಿಂದ. ಸ್ವಿಟ್ಜರ್ಲೆಂಡಿನಲ್ಲಿ ಸೀಬಾ ಕಂಪನಿ ಮತ್ತು ಜ್ಯೂರಿಕ್‌ನ ಇಟಿಎಚ್‌ನ ರಸಾಯನಶಾಸ್ತ್ರಜ್ಞರು ಹೊಸ ಆಂಟಿಬಯಾಟಿಕ್ ಹುಡುಕುತ್ತಿದ್ದರು. ಸ್ಟ್ರೆಪ್ಟೋಮೈಸಿಸ್ ಪಿಲೋಸಸ್ ಅನ್ನುವ ಮಣ್ಣಿನ ಸೂಕ್ಷ್ಮಜೀವಿಯಲ್ಲಿ ಕಬ್ಬಿಣವನ್ನು ಬಿಗಿಯಾಗಿ ಅಪ್ಪಿಕೊಂಡ ಒಂದು ವಸ್ತು ಸಿಕ್ಕಿತು, ಫೆರಿಯಾಕ್ಸಮಿನ್. ಆ ಜೀವಿ ಸುತ್ತಲಿನ ಕಬ್ಬಿಣವನ್ನು ದೋಚಲು ಮಾಡಿಕೊಂಡ ಉಪಾಯ ಅದು. ಅದರೊಳಗಿನ ಕಬ್ಬಿಣ ತೆಗೆದುಬಿಟ್ಟರೆ ಖಾಲಿ ಕೈ ಉಳಿಯುತ್ತೆ, ಅದನ್ನು ಮನುಷ್ಯನ ದೇಹಕ್ಕೆ ಬಿಟ್ಟರೆ ಅಲ್ಲಿಯ ಕಬ್ಬಿಣ ಹಿಡಿಯುತ್ತೆ! ಹೀಗೆ ಹುಟ್ಟಿದ್ದು ಡೆಸ್ಫೆರಾಲ್, 1960ರ ದಶಕದ ಆರಂಭದಲ್ಲಿ. ಕೀಲೇಶನ್ ಅನ್ನುವ ಪದ ಬಂದಿರುವುದು ಏಡಿಯ ಇಕ್ಕುಳಕ್ಕೆ ಗ್ರೀಕರು ಇಟ್ಟ ಹೆಸರಿನಿಂದ. ಔಷಧಿ ಕೊಟ್ಟ ಮಗುವಿನ ಮೂತ್ರ ಕೆಂಗಂದು ಬಣ್ಣಕ್ಕೆ ತಿರುಗುತ್ತದಂತೆ, ಕಬ್ಬಿಣ ಹೊರಗೆ ಬರುತ್ತಿರುವ ಗುರುತು. ಎಷ್ಟು ತಾಯಂದಿರು ಬೆಳಗ್ಗೆ ಎದ್ದು ಆ ಬಣ್ಣಕ್ಕಾಗಿ ಕಾದಿರಬಹುದು...

ಔಷಧಿಯೇನೋ ಸಿಕ್ಕಿತು, ಆದರೆ ಕೊಡುವುದು ಹೇಗೆ? ನುಂಗಿದರೆ ಹೊಟ್ಟೆಯಿಂದ ರಕ್ತಕ್ಕೆ ಸೇರಲ್ಲ. ಚುಚ್ಚಿದರೆ ಇಪ್ಪತ್ತು ನಿಮಿಷದಲ್ಲಿ ಅರ್ಧ ಖಾಲಿ. ಮೊದಲು ದಿನಾ ಮಾಂಸಖಂಡಕ್ಕೆ ಇಂಜೆಕ್ಷನ್ ಕೊಟ್ಟರು. ಅದರಿಂದಲೂ ಉಪಯೋಗವಿದೆ ಅಂತ 1974ರಲ್ಲಿ ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯ ಅಧ್ಯಯನ ತೋರಿಸಿತು. 1976-77ರ ಹೊತ್ತಿಗೆ ಲಂಡನ್ ಮತ್ತು ಬಾಸ್ಟನ್‌ನಲ್ಲಿ ಇನ್ನೊಂದು ದಾರಿ ಹೊಳೆಯಿತು: ಪುಟ್ಟ ಪಂಪಿಗೆ ಸಿರಿಂಜ್ ಸಿಕ್ಕಿಸಿ, ಹೊಟ್ಟೆಯ ಚರ್ಮದಡಿ ತೆಳು ಸೂಜಿ ಇಟ್ಟು, ರಾತ್ರಿಯಿಡೀ ಹನಿಹನಿಯಾಗಿ ಇಳಿಸುವುದು. ಎಂಜಿನಿಯರ್ ಆಗಿ ನೋಡಿದರೆ ಭಲೇ ಸೊಗಸಾದ ಪರಿಹಾರ. ಮನೆಯೊಳಗೆ ನಿಂತು ನೋಡಿದರೆ? ವಾರಕ್ಕೆ ಐದಾರು ರಾತ್ರಿ, ಒಂದೊಂದು ರಾತ್ರಿಗೂ 8ರಿಂದ 12 ಗಂಟೆ. ಪುಡಿ ಕರಗಿಸು, ಸಿರಿಂಜ್ ತುಂಬು, ನಿನ್ನೆ ಚುಚ್ಚಿದ ಜಾಗ ಗಂಟು ಕಟ್ಟಿದ್ದರೆ ಬೇರೆ ಜಾಗ ಹುಡುಕು, ಅಳುವ ಮಗುವನ್ನು ಹಿಡಿದುಕೋ. ಅಪ್ಪ ಅಮ್ಮನೇ ಚುಚ್ಚಬೇಕು. ಹೆಚ್ಚು ಕೊಟ್ಟರೂ ತೊಂದರೆ: ಪ್ರಮಾಣ ಮೀರಿದರೆ ಕಿವಿ, ಕಣ್ಣು, ಮೂಳೆಯ ಬೆಳವಣಿಗೆಗೆ ಏಟು ಅನ್ನೋದು 1980ರ ದಶಕದಲ್ಲಿ ಗೊತ್ತಾಯಿತು.

ಮಗು ದೊಡ್ಡದಾಗುತ್ತೆ. ಹದಿನಾಲ್ಕರ ಹುಡುಗ ಗೆಳೆಯರ ಜೊತೆ ಪ್ರವಾಸಕ್ಕೆ ಹೋಗಬೇಕು, ಪಂಪ್ ಬೇಡ ಅಂತಾನೆ. ಒಂದು ರಾತ್ರಿ ಬಿಟ್ಟರೆ ಏನೂ ಆಗಲ್ಲ, ಮರುದಿನ ಆರಾಮಾಗೇ ಇರ್ತಾನೆ. ಇದರ ಮೋಸ ಇರುವುದೇ ಇಲ್ಲಿ, ಬಿಟ್ಟದ್ದಕ್ಕೆ ಶಿಕ್ಷೆ ಹತ್ತು ವರ್ಷ ಬಿಟ್ಟು ಬರುತ್ತೆ. 2000ದಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಬ್ರಿಟನ್ನಿನ ಲೆಕ್ಕ ನೋಡಿ ನಾನು ಸ್ವಲ್ಪ ಹೊತ್ತು ಸುಮ್ಮನಾದೆ. ಔಷಧಿ ಇದ್ದ, ಅದಕ್ಕೆ ಸರ್ಕಾರವೇ ದುಡ್ಡು ಕೊಡುವ ದೇಶದಲ್ಲೂ ಸುಮಾರು ಅರ್ಧದಷ್ಟು ರೋಗಿಗಳು 35 ತುಂಬುವುದರೊಳಗೆ ತೀರಿಕೊಳ್ಳುತ್ತಿದ್ದರು. ಮುಖ್ಯ ಕಾರಣ, ಆ ಸೂಜಿಯನ್ನು ತಪ್ಪದೆ ಹಾಕಿಕೊಳ್ಳಲು ಆಗದೇ ಹೋದದ್ದು. ಆ ಮಕ್ಕಳನ್ನು 'ಹೇಳಿದ ಮಾತು ಕೇಳದವರು' ಅಂತ ಬೈಯುವುದು ಸುಲಭ. ನನಗಂತೂ ಆ ಅಂಕಿಯಲ್ಲಿ ಪಂಪಿನ ಸೋಲೇ ಕಾಣುತ್ತೆ. ಅಂದ ಹಾಗೆ ರಕ್ತದ ಫೆರಿಟಿನ್ ಪರೀಕ್ಷೆ ಹೃದಯದ ಸ್ಥಿತಿಯನ್ನು ಸರಿಯಾಗಿ ಹೇಳುತ್ತಲೂ ಇರಲಿಲ್ಲ. 2001ರಲ್ಲಿ ಲಂಡನ್ ತಂಡವೊಂದು ಎಂಆರ್‌ಐನ ಟಿ2-ಸ್ಟಾರ್ ವಿಧಾನದಿಂದ ಹೃದಯದೊಳಗಿನ ಕಬ್ಬಿಣವನ್ನೇ ಅಳೆಯಬಹುದು ಅಂತ ತೋರಿಸಿದ ಮೇಲೆ, ಯಾರಿಗೆ ತುರ್ತಾಗಿ ಹೆಚ್ಚು ಔಷಧಿ ಬೇಕು ಅಂತ ಮೊದಲೇ ತಿಳಿಯುವಂತಾಯಿತು.

ನುಂಗುವ ಔಷಧಿಯ ಕಥೆಯಲ್ಲಿ ನಮ್ಮ ದೇಶ ಬರುತ್ತೆ. 1980ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ತಯಾರಾದ ಎಲ್1 (ಡೆಫೆರಿಪ್ರೋನ್) ಮನುಷ್ಯರ ಮೇಲೆ ಮೊದಲ ಪ್ರಯೋಗವಾದದ್ದು 1987ರಲ್ಲಿ, ಲಂಡನ್ನಿನಲ್ಲಿ. ಅದಕ್ಕೆ ಮೊದಲು ಪರವಾನಗಿ ಕೊಟ್ಟ ದೇಶ ಭಾರತ, 1990ರ ದಶಕದ ಮಧ್ಯದಲ್ಲಿ, ಸಿಪ್ಲಾ ಕಂಪನಿಯ ಕೆಲ್ಫರ್ ಹೆಸರಿನಲ್ಲಿ. ಯೂರೋಪ್ 1999ಕ್ಕೆ ಒಪ್ಪಿತು, ಅಮೆರಿಕ 2011ಕ್ಕೆ. ಹೆಮ್ಮೆ ಪಡುವ ಮುಂಚೆ ಯೋಚಿಸಿ: ಡೆಸ್ಫೆರಾಲ್ ಕೊಳ್ಳಬಲ್ಲ ದೇಶಗಳಿಗೆ ಕಾಯುವ ಅನುಕೂಲ ಇತ್ತು, ನಮ್ಮ ಬಹುಪಾಲು ಅಪ್ಪ ಅಮ್ಮಂದಿರಿಗೆ ಇರಲಿಲ್ಲ. ನೂರಕ್ಕೆ ಸುಮಾರು ಒಬ್ಬರಲ್ಲಿ ಈ ಮಾತ್ರೆ ಬಿಳಿ ರಕ್ತಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತೆ, ಹಾಗಾಗಿ ಪದೇ ಪದೇ ರಕ್ತಪರೀಕ್ಷೆ ಬೇಕು. ಇತ್ತ ಟೊರಾಂಟೊದಲ್ಲಿ ಇದೇ ಔಷಧಿಯ ಪ್ರಯೋಗ ನಡೆಸುತ್ತಿದ್ದ ನ್ಯಾನ್ಸಿ ಒಲಿವಿಯೇರಿ, ಕೆಲವರಲ್ಲಿ ಇದು ಸಾಕಾಗುತ್ತಿಲ್ಲ ಅಂತ ರೋಗಿಗಳಿಗೆ ಹೇಳಹೊರಟಾಗ 1996ರಲ್ಲಿ ಅಪೋಟೆಕ್ಸ್ ಕಂಪನಿ ಪ್ರಯೋಗ ನಿಲ್ಲಿಸಿ, ಕಾನೂನು ಕ್ರಮದ ಎಚ್ಚರಿಕೆ ಕೊಟ್ಟಿತು. ಆ ಜಗಳ ವರ್ಷಗಟ್ಟಲೆ ನಡೆಯಿತು. ಹೃದಯದ ಕಬ್ಬಿಣ ತೆಗೆಯುವುದರಲ್ಲಿ ಈ ಮಾತ್ರೆ ಗಟ್ಟಿ ಅಂತ ಮುಂದೆ ಬಂದ ಅಧ್ಯಯನಗಳು ಹೇಳಿದವು. ಔಷಧಿ ಒಳ್ಳೆಯದಾದ ಮಾತ್ರಕ್ಕೆ ಬಾಯಿ ಮುಚ್ಚಿಸಿದ್ದು ಸರಿಯಾಗಿಬಿಡಲ್ಲ, ಬಿಡಿ.

2005ರ ನವೆಂಬರ್‌ನಲ್ಲಿ ಅಮೆರಿಕ ಒಪ್ಪಿದ ಡೆಫೆರಾಸಿರಾಕ್ಸ್ ದಿನಕ್ಕೆ ಒಂದೇ ಸಲ. ಎರಡು ವರ್ಷ ದಾಟಿದ ಮಗುವಿಗೂ ನೀರಿನಲ್ಲೋ ಕಿತ್ತಳೆ ರಸದಲ್ಲೋ ಕದಡಿ ಖಾಲಿ ಹೊಟ್ಟೆಯಲ್ಲಿ ಕುಡಿಸಬಹುದು. ಪಂಪ್ ಇಲ್ಲ, ಸೂಜಿ ಇಲ್ಲ. ಆದರೆ ಮೂತ್ರಪಿಂಡ ಮತ್ತು ಯಕೃತ್ತಿನ ಪರೀಕ್ಷೆ ತಪ್ಪಿಸುವ ಹಾಗಿಲ್ಲ. ವಾಂತಿ ಭೇದಿಯಾಗಿ ಮಗುವಿನ ಮೈಯಲ್ಲಿ ನೀರು ಕಡಿಮೆಯಾದಾಗ ಔಷಧಿ ನಿಲ್ಲಿಸಿ ವೈದ್ಯರನ್ನು ಕೇಳಬೇಕು ಅಂತ 2018ರಲ್ಲಿ ಅಮೆರಿಕದ ಸೂಚನೆಗೆ ಸೇರಿಸಿದರು. 2015ರಲ್ಲಿ ಬಂದ ನೇರ ನುಂಗುವ ಮಾತ್ರೆ ಇನ್ನೂ ಸುಲಭ, ಪುಡಿ ಮಾಡಿ ಮೊಸರಿನಲ್ಲಿ ಕಲಸಿಯೂ ಕೊಡಬಹುದು. ಒಂದು ವಿಷಯ ಮಾತ್ರ ಮನೆಯವರೆಲ್ಲ ನೆನಪಿಡಬೇಕು: ಕದಡುವ ಮಾತ್ರೆಯ 20 ಮಿಲಿಗ್ರಾಂ, ನುಂಗುವ ಮಾತ್ರೆಯ 14ಕ್ಕೆ ಸಮ. ಅಂಗಡಿಯವರು ಒಂದರ ಬದಲು ಇನ್ನೊಂದು ಕೊಟ್ಟರೆ ಅದೇ ಲೆಕ್ಕದಲ್ಲಿ ಕೊಡುವಂತಿಲ್ಲ.